ಅಂಗೈಯ ಮೇಲೆ ನೇರಳೆ ಏಟು

ಬೆತ್ತವಿಲ್ಲದೆ ನಾಲ್ಕನೇ ಕ್ಲಾಸನ್ನು ಹಿಡಿದಿಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಖುರ್ಷೀದಾ ಮಿಸ್ ಒಬ್ಬರನ್ನು ಬಿಟ್ಟು. ಹಲಸೂರಿನ ನಮ್ಮ ಸ್ಕೂಲಿನಲ್ಲಿ ನಾನು ಕನ್ನಡ, ಅವರು ಇಂಗ್ಲಿಷ್. ನನ್ನ ಕ್ಲಾಸು ಸಂತೆಯಾಗಿದ್ದರೆ ಪಕ್ಕದ ಅವರ ಕ್ಲಾಸಿನಿಂದ ನಗುವಷ್ಟೇ ಕೇಳಿಸುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರು ಶಿವಾಜಿನಗರದವರು. ಅಪ್ಪನದು ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣಿನ ಅಂಗಡಿ. ಯಾವ ಬುಟ್ಟಿ ಯಾವ ಗಿರಾಕಿಯದೆಂದು ಗುರುತು ಹಾಕಲು ಆತ ಒಂದು ಥರದ ಪೆನ್ಸಿಲ್ ಇಟ್ಟುಕೊಂಡಿದ್ದರಂತೆ. ಒಣಗಿದ್ದಾಗ ಬೂದು, ನೀರು ತಾಗಿದರೆ ಗಾಢ ನೇರಳೆ, ಉಜ್ಜಿದರೂ ಬೇಗ ಹೋಗದು. ಆತ ತೀರಿಕೊಂಡ ಮೇಲೆ ಅಂಗಡಿ ತಮ್ಮಂದಿರ ಪಾಲಾಯಿತು, ಪೆನ್ಸಿಲ್ ಡಬ್ಬಿ ಇವರ ಪಾಲಾಯಿತು. ಇವರಿಗೆ ಅದರಲ್ಲೇ ತೃಪ್ತಿ.

ಇನ್ನೊಂದು ಹುಚ್ಚು, ಹಳೇ ಇಂಗ್ಲಿಷ್ ಪದಗಳದ್ದು. ಇಂಗ್ಲಿಷರೇ ಮರೆತು ಕೂತಿರುವ ಪದಗಳನ್ನು ದಪ್ಪ ನಿಘಂಟಿನಿಂದ ಹೆಕ್ಕಿ ತರುತ್ತಿದ್ದರು. ತಂಟೆ ಮಾಡಿದ ಮಗು ಕೈ ಚಾಚಬೇಕು. ಮಿಸ್ ಅಂಗೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಪೆನ್ಸಿಲಿನಲ್ಲಿ ಒಂದು ಪದ ಬರೆಯುತ್ತಿದ್ದರು: ಡ್ರಬ್, ಸ್ವಿಂಜ್, ಫಸ್ಟಿಗೇಟ್. ಎಲ್ಲವೂ ಹಿಂದಿನ ಕಾಲದಲ್ಲಿ ಹೊಡೆತಕ್ಕಿದ್ದ ಹೆಸರುಗಳೇ. ಪದ ಅಳಿಸಿಹೋಗುವುದರೊಳಗೆ ಅದನ್ನು ಬಳಸಿ ಒಂದು ವಾಕ್ಯ ಮಾಡಿ ತರಬೇಕು. ಅಷ್ಟೇ ಶಿಕ್ಷೆ. ಚೆನ್ನಾಗಿ ಓದಿದವರಿಗೆ ಕೈಯ ಹಿಂಬದಿಯಲ್ಲಿ ಗ್ರಿಡೆಲಿನ್, ಅಯಾಂತಿನ್ ಎಂದು ನೇರಳೆ ಬಣ್ಣದ್ದೇ ಹಳೇ ಹೆಸರುಗಳು. ಮಕ್ಕಳಿಗೆ ಮಾತ್ರ ಹೊಗಳಿಕೆಗಿಂತ ಏಟಿನ ಮೇಲೇ ಆಸೆ.

ನಮ್ಮ ಸ್ಕೂಲು ನಡೆಸುವ ಮಂಡಳಿಯ ಕಾರ್ಯದರ್ಶಿಗಳು ಒಮ್ಮೆ ಎಲ್ಲ ಟೀಚರುಗಳಿಗೂ ಒಂದೊಂದು ಬೆತ್ತ ಹಂಚಿದರು. "ಹೊಡೀರಿ, ಆದ್ರೆ ಗುರುತು ಬೀಳಬಾರದು. ಗುರುತು ಬಿತ್ತೋ, ಅವತ್ತೇ ಮನೆಗೆ," ಎಂದರು. ಎಂಥ ದೊಡ್ಡ ಮನಸ್ಸು! ಖುರ್ಷೀದಾ ಮಿಸ್ ತಮ್ಮ ಬೆತ್ತವನ್ನು ಸ್ಟಾಫ್ ರೂಮಿನ ಮನಿಪ್ಲಾಂಟಿಗೆ ಊರುಗೋಲಾಗಿ ಕೊಟ್ಟರು.

ತೊಂಬತ್ತೊಂಬತ್ತರಲ್ಲಿ ಕಗ್ಗದಾಸಪುರದ ರಮ್ಯ ಎಂಬ ಹುಡುಗಿ ಮುಂದಿನ ಬೆಂಚಿನ ಇಬ್ಬರ ಜಡೆಗಳನ್ನು ಒಂದಕ್ಕೊಂದು ಗಂಟು ಹಾಕಿದಳು. ಅವಳ ಅಂಗೈಗೆ ಫಸ್ಟಿಗೇಟ್ ಬಿತ್ತು. ಮನೆಯಲ್ಲಿ ತಂಟೆಯ ವಿಷಯ ಗೊತ್ತಾದರೆ ಕಷ್ಟ ಎಂದು ಹುಡುಗಿ ಬಚ್ಚಲಲ್ಲಿ ಕೂತು ಸೋಪು ಹಾಕಿ ತಿಕ್ಕಿದ್ದಾಳೆ. ಅಕ್ಷರ ಕರಗಿತು, ಬಣ್ಣ ಹೋಗಲಿಲ್ಲ. ಇಡೀ ಅಂಗೈ ಮಣಿಕಟ್ಟಿನವರೆಗೆ ಕಪ್ಪುನೇರಳೆ. ಅಜ್ಜಿ ಅಕ್ಕಯಮ್ಮ ನೋಡಿ ಎದೆ ಬಡಿದುಕೊಂಡರು. ಯಾರು ಮಾಡಿದ್ದು ಎಂದು ಕೇಳಿದರೆ ಹುಡುಗಿ "ಇಂಗ್ಲಿಷ್ ಮಿಸ್ಸು" ಎಂದು ಬಾಯಿ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಆಟೋ ಬಂದು ನಿಂತಿತು. ಅಕ್ಕಯಮ್ಮ ಮೊಮ್ಮಗಳ ಕೈ ಎತ್ತಿ ಹಿಡಿದುಕೊಂಡೇ ಆಫೀಸಿಗೆ ನುಗ್ಗಿದರು.

"ಮಗೀನ ಕೈ ಹಿಂಗ್ ಹೆಪ್ಪುಗಟ್ಟೋ ಹಂಗ್ ಬಡ್ದವ್ರಲ್ಲ, ಇವ್ರೇನು ಮನುಷ್ರಾ?"

ಗಲಾಟೆ ಕೇಳಿ ನಾವೆಲ್ಲ ಓಡಿದೆವು. ಕಾರ್ಯದರ್ಶಿಗಳು ಕೈ ನೋಡಿದರು, ಖುರ್ಷೀದಾ ಮಿಸ್ಸನ್ನು ನೋಡಿದರು. "ಇನ್ನೇನ್ ಮಾತಿದೆ? ನಾಳೆಯಿಂದ ಬರ್ಬೇಡಿ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಹೋಗುವುದು ಹಾಗಿರಲಿ, ಒಂದು ದಿನವೂ ಕೈ ಎತ್ತದವರು ಹೊಡೆದವರೆಂಬ ಹೆಸರು ಹೊತ್ತು ಹೋಗುವುದೇ?

"ಸಾರ್, ಅದು ಬರೀ ಬಣ್ಣ," ಎಂದು ಬಾಯಿ ಹಾಕಿದೆ. ಯಾರು ಕೇಳಬೇಕು?

ಖುರ್ಷೀದಾ ಮಿಸ್ ವಾದಕ್ಕೆ ಹೋಗಲಿಲ್ಲ. ಪರ್ಸಿನಿಂದ ಪೆನ್ಸಿಲ್ ತೆಗೆದು, "ಅಜ್ಜೀ, ಸ್ವಲ್ಪ ಕೈ ಕೊಡ್ತೀರಾ?" ಎಂದರು.

ಅಕ್ಕಯಮ್ಮ ಥಟ್ಟನೆ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಎಪ್ಪತ್ತರ ಮುದುಕಿ, ಆಗಷ್ಟೇ ಸಿಂಹದ ಹಾಗೆ ಗರ್ಜಿಸಿದವರು! ಖುರ್ಷೀದಾ ಮಿಸ್ ಮುಖ ಸಪ್ಪಗಾಯಿತು. ಅವರು ತಮ್ಮದೇ ಅಂಗೈ ಒದ್ದೆ ಮಾಡಿಕೊಂಡು ದೊಡ್ಡದಾಗಿ ಬರೆದುಕೊಂಡರು. ಬೂದು ಗೆರೆ ನೋಡನೋಡುತ್ತಲೇ ನೇರಳೆಯಾಯಿತು.

ರಮ್ಯ ಕಿಸಕ್ಕನೆ ನಕ್ಕಳು. "ಅಜ್ಜೀ, ಮಿಸ್ಸಿಗೂ ಏಟು ಬಿತ್ತು! ನಂಗೂ ಇದೇ ಬರ್ದಿದ್ದು. ನಾನೇ ತಿಕ್ಕಿ ತಿಕ್ಕಿ ಹಿಂಗಾಯ್ತು." ಆಮೇಲೆ ಜಡೆಯ ಕಥೆಯೂ ಹೊರಗೆ ಬಂತು.

ಅಕ್ಕಯಮ್ಮ ಮೊಮ್ಮಗಳ ಕೈ ಒತ್ತಿ ನೋಡಿದರು. ಬಾವಿಲ್ಲ, ನೋವಿಲ್ಲ. ಆಮೇಲೆ ಸೆರಗಿನಿಂದ ನಿಧಾನಕ್ಕೆ ತಮ್ಮ ಬಲಗೈ ತೆಗೆದು ಚಾಚಿದರು. ಖುರ್ಷೀದಾ ಮಿಸ್ ಮೆಲ್ಲಗೆ ಬರೆದರು.

"ಏನಂತ ಬರ್ದೆ ತಾಯಿ?"

"ದೊಣ್ಣೆ ತಗೊಂಡು ಬಡಿ ಅಂತ. ಹಳೇ ಇಂಗ್ಲಿಷು."

"ಇಷ್ಟೇನಾ?"

"ಇಷ್ಟೇ ಅಜ್ಜಿ."

ಮುದುಕಿ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತರು. "ನಮ್ಮೂರ್ ಮೇಷ್ಟ್ರು ಮೊದ್ಲುನೇ ದಿನಾನೇ ಈ ಕೈಗೆ ಬಾಸುಂಡೆ ಬರೋ ಹಂಗೆ ಬಾರಿಸ್ಬಿಟ್ಟ. ಮಾರನೇ ದಿನ ನಾನ್ ಹೋಗ್ಲೇ ಇಲ್ಲ. ಹಿಂಗ್ ಹೊಡ್ದಿದ್ರೆ ನಾನೂ ನಾಕಕ್ಷರ ಕಲೀತಿದ್ನಲ್ಲವ್ವಾ."

ಕಾರ್ಯದರ್ಶಿಗಳು ಫ್ಯಾನು ನೋಡತೊಡಗಿದರು. ನಾಳೆಯಿಂದ ಬರಬೇಡಿ ಎಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಖುರ್ಷೀದಾ ಮಿಸ್ ಮತ್ತೆ ಏಳು ವರ್ಷ ಅದೇ ಕ್ಲಾಸಿನಲ್ಲಿ ನಗಿಸಿಕೊಂಡಿದ್ದು, ನಗುನಗುತ್ತಲೇ ರಿಟೈರ್ ಆದರು.

ಆದರೆ ಅವರಿಗೆ ನೆನಪಿರುವುದು ಆ ಗಲಾಟೆಯ ಮರುದಿನ ಬೆಳಿಗ್ಗೆ ರಮ್ಯ ಓಡಿ ಬಂದು ಹೇಳಿದ್ದು: "ಮಿಸ್, ಅಜ್ಜಿ ಇನ್ನೂ ಕೈ ತೊಳ್ದೇ ಇಲ್ಲ. ರಾತ್ರಿ ಮುದ್ದೇನೂ ಸ್ಪೂನಲ್ಲೇ ತಿಂದ್ರು."