ಆಯಿ ಈಗ ಯಾವ ಮನೆಯಲ್ಲಿ?

ನಮ್ಮ ಬಳಗದಲ್ಲಿ ಫೋನು ಹಚ್ಚಿದವರು ಕ್ಷೇಮಸಮಾಚಾರಕ್ಕೂ ಮೊದಲು ಕೇಳುವುದು ಆಯಿ ಎಲ್ಲಿದ್ದಾಳೆಂದು. ಆಯಿ ಎಂದರೆ ನನ್ನ ಅಪ್ಪನಿಗೆ ತಾಯಿ, ಅವ್ವನಿಗೆ ಅಜ್ಜಿ. ಅವ್ವ ಸೋದರಮಾವನನ್ನೇ ಮದುವೆಯಾದ ಫಲವಾಗಿ, ನಾನು ಯಾವ ದಾರಿ ಹಿಡಿದು ವಂಶವೃಕ್ಷ ಹತ್ತಿದರೂ ತಲುಪುವುದು ಅದೇ ಮುದುಕಿಯನ್ನು. ಆಕೆಯೋ ಕೆಲವು ದಿನ ರೋಣದಲ್ಲಿ ಮಗನ, ಅಂದರೆ ನನ್ನ ಅಪ್ಪನ ಮನೆ, ಕೆಲವು ದಿನ ನರಗುಂದದಲ್ಲಿ ಮಗಳ, ಅಂದರೆ ಅವ್ವನ ತಾಯಿಯ ಮನೆ; ಬಸ್ಸು ಹತ್ತುವ ಮುಹೂರ್ತ ಮಾತ್ರ ಆಕೆಯೊಬ್ಬಳಿಗೇ ಗೊತ್ತು.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಈ ವರ್ಷಗಳಲ್ಲಿ ನಾನು ಗಜೇಂದ್ರಗಡದ ಕಂಪ್ಯೂಟರ್ ಕ್ಲಾಸಿನ ಮಾಸ್ತರ. ನಾನು ಕಲಿಸುವ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಂ ಭಾಷೆಯಲ್ಲೂ ಇಂಥ ವಂಶಗಳಿವೆ. ಎರಡು ಕವಲುಗಳಿಂದ ಒಂದೇ ಮೂಲಕ್ಕೆ ವಾರಸುದಾರನಾದವನಿಗೆ ಆ ಮೂಲದ ಎರಡು ಪ್ರತಿಗಳು ಅಂಟಿಕೊಳ್ಳುತ್ತವೆ. ಬೇಡವೆಂದರೆ ‘ವರ್ಚುವಲ್’ ಎಂಬ ಪದ ಸೇರಿಸಬೇಕು. ಆಗ ಪ್ರತಿ ಒಂದೇ, ಆದರೆ ಅದು ಎಲ್ಲಿದೆಯೆಂದು ಪ್ರತಿಸಲವೂ ವಿಚಾರಿಸಿಕೊಂಡೇ ಹೋಗಬೇಕು. ಒಂದು ಸಲಕ್ಕೆ ಗಮನಕ್ಕೇ ಬಾರದ ಈ ವಿಳಂಬ ಲಕ್ಷ ಸಲವಾದಾಗ ಕಣ್ಣಿಗೆ ಬೀಳುತ್ತದೆ. ವೇಗದ ಉಪಾಸಕನಾದ ನಾನು ಆ ಪದವನ್ನು ಕಂಡಲ್ಲಿ ಅಳಿಸಿ ಮೀಸೆ ತಿರುವುತ್ತಿದ್ದೆ. ಒಂದು ಪ್ರತಿಯಲ್ಲಿ ಬರೆದದ್ದು ಇನ್ನೊಂದಕ್ಕೆ ತಿಳಿಯದೆಂಬ ಮಾತನ್ನು ಪರೀಕ್ಷೆಗೆಂದಷ್ಟೇ ಹೇಳಿಕೊಟ್ಟಿದ್ದೆ.

ಅದೇ ಬುದ್ಧಿಯನ್ನು ಮನೆಗೂ ತಂದೆ. ಆಯಿಗೆ ಬಿ.ಪಿ. ಗುಳಿಗೆ ಶುರುವಾದಾಗ, ಗುಳಿಗೆಯ ಡಬ್ಬಿಯನ್ನೂ, ಗುಳಿಗೆ ಕೊಟ್ಟ ದಿನ ಗೆರೆ ಎಳೆಯುವ ಚೀಟಿಯನ್ನೂ ಎರಡೂ ಮನೆಗಳಲ್ಲಿ ಒಂದೊಂದು ಇಟ್ಟೆ; ಇನ್ನು ಯಾರೂ ಯಾರನ್ನೂ ಕೇಳಬೇಕಾಗಿಲ್ಲವೆಂದು ಬೀಗಿದೆ. ಒಂದು ಮುಂಜಾನೆ ರೋಣದಲ್ಲಿ ಅವ್ವ ಗುಳಿಗೆ ನುಂಗಿಸಿ ಗೆರೆ ಎಳೆದಳು. ಆಯಿ ಎದ್ದವಳೇ ನರಗುಂದದ ಬಸ್ಸು ಹತ್ತಿದಳು. ಅಲ್ಲಿ ಮಗಳು ಚೀಟಿ ನೋಡಿದರೆ ಗೆರೆಯಿಲ್ಲ, ಇನ್ನೊಂದು ಕೊಟ್ಟಳು. ಕೊಟ್ಟದ್ದನ್ನು ಬೇಡವೆನ್ನುವ ರೂಢಿ ಆಯಿಗಿಲ್ಲ. ಮಧ್ಯಾಹ್ನ ಕಣ್ಣು ಕತ್ತಲಿಟ್ಟು ಪಡಸಾಲೆಯಲ್ಲಿ ಬಿದ್ದಳು.

ದವಾಖಾನೆಯ ಮಂಚದ ಪಕ್ಕ ನಿಂತ ನನಗೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಸಂಜೆ ಕಣ್ತೆರೆದ ಆಯಿ, ನಾನು ತಪ್ಪೊಪ್ಪಿಕೊಂಡದ್ದನ್ನೆಲ್ಲ ಕೇಳಿಸಿಕೊಂಡು, ಸಲೈನ್ ಹಚ್ಚಿದ ಕೈಯಿಂದಲೇ ಹತ್ತಿರ ಕರೆದಳು.

“ನಾ ಎಲ್ಲದೀನಂತ ಕೇಳೂದು ನಿನಗ ಅಷ್ಟ ಭಾರ ಆತೇನೋ, ತಮ್ಮಾ?”

ಈಗ ಚೀಟಿ ಒಂದೇ. ಆಯಿಯ ಎಲೆಯಡಿಕೆ ಸಂಚಿಯಲ್ಲಿ ಅವಳೊಡನೆಯೇ ಓಡಾಡುತ್ತದೆ. ಕ್ಲಾಸಿನಲ್ಲಿ ಅಳಿಸಿದ್ದ ಪದವನ್ನು ಕಾರಣ ಹೇಳದೆ ತಿರುಗಿ ಬರೆಸಿದೆ. ಗುಳಿಗೆಯ ವಿಚಾರಕ್ಕೆ ಮೊದಲು ರೋಣಕ್ಕೆ ಫೋನು, ಅಲ್ಲಿಲ್ಲವೆಂದರೆ ನರಗುಂದಕ್ಕೆ, ಆಮೇಲೆ ಯಾರಾದರೂ ಹಿತ್ತಲಿನಿಂದ ಕರೆತರುವವರೆಗೆ ಕಾಯುವುದು. ಮೊನ್ನೆಯೂ ಹಾಗೆಯೇ ಕಾದೆ. ಆಯಿ ಬಂದು ಏದುಸಿರಿನಲ್ಲಿ ಹಲೋ ಎಂದಳು. ನರಗುಂದಕ್ಕೆ ಫೋನು ಹಚ್ಚಿದವನು ನಾನೇ, ಆದರೂ ಕೇಳಿದೆ:

“ಆಯೀ, ಎಲ್ಲದೀ?”