ನನ್ನ ಸಿಟ್ಟು ನನ್ನದೇ

ತರೀಕೆರೆಯ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ರವಿಕೆಗೆ ತೋಳು ಕೂಡಿಸುತ್ತಿದ್ದಾಗ, ಬಟ್ಟೆ ಹಿಡಿದಿದ್ದ ಕೈಗಳು ನನ್ನವಲ್ಲ ಅನ್ನಿಸಿತು. ಅವು ತಮ್ಮ ಪಾಡಿಗೆ ಹೊಲಿಯುತ್ತಿದ್ದವು. ನಾನು ಎಲ್ಲೋ ಹಿಂದೆ ನಿಂತು ನೋಡುತ್ತಿದ್ದೆ. ಗಿರಾಕಿಯ ಜೊತೆ ಆಡಿದ ಮಾತು ಕೂಡ ಬೇರೆ ಯಾರೋ ಆಡಿದಂತೆ ಕೇಳಿಸಿತು. ಬರಬರುತ್ತಾ ಕನ್ನಡಿ ನೋಡಲೂ ಹೆದರಿಕೆಯಾಯಿತು. ಊಟ, ನಿದ್ದೆ ಎರಡೂ ಬಿಟ್ಟುಹೋದವು.

ಅತ್ತೆ ನನ್ನನ್ನು ಶಿವನಿ ಕಡೆಯ ಒಬ್ಬ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದರು. ಆತ ಬೇವಿನ ಸೊಪ್ಪು ಬೀಸುತ್ತಾ, "ಇವಳ ಮೈಮೇಲೆ ಬಂದಿರೋದು ಯಾರು? ಹೆಸ್ರು ಹೇಳು" ಅಂದ.

"ಯಾರೂ ಬಂದಿಲ್ಲ. ನಾನೇ ಎಲ್ಲೋ ಹೋಗ್ಬಿಟ್ಟಿದೀನಿ" ಅಂದೆ.

ಆತ ಸೊಪ್ಪಿನಿಂದ ಹೊಡೆದ. ಅದನ್ನು ಕಿತ್ತುಕೊಂಡು ಬಿಸಾಡಿ ಎದ್ದು ಬಂದೆ. ಮರುದಿನ ಡಾಕ್ಟರಿಗೆ ತೋರಿಸಲೆಂದು ಒಬ್ಬಳೇ ಶಿವಮೊಗ್ಗದ ಬಸ್ಸಿಗೆ ಹೊರಟಾಗ ನಮ್ಮ ಯಜಮಾನರೂ ಹಿಂದೆ ಬಂದರು. ಇಬ್ಬರೂ ಮನೋವೈದ್ಯರನ್ನು ಕಂಡೆವು.

"ನಿಮಗಿರೋದು ಖಿನ್ನತೆ. ನಾನು ನಾನಲ್ಲ ಅನ್ನಿಸೋದು ಇದ್ರಲ್ಲೂ ಇರುತ್ತೆ, ಬೇರೆ ಮನೋರೋಗಗಳಲ್ಲೂ ಇರುತ್ತೆ. ನೀವೊಬ್ರೇ ಅಲ್ಲ" ಅಂದರು ಆಕೆ.

ದಿನಾ ನುಂಗಲು ಮಾತ್ರೆ ಬರೆದುಕೊಟ್ಟರು. ಗುಣವಾಗಲು ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಒಗ್ಗರಣೆ ಸಿಡಿದು ಮುಂಗೈ ಸುಟ್ಟಿತು. "ಅಯ್ಯೋ, ನನ್ ಕೈ" ಅಂದವಳೇ ಒಲೆಯ ಮುಂದೆ ಅತ್ತುಬಿಟ್ಟೆ. ನೋವಿಗಲ್ಲ.

ಕೈ ನನಗೆ ಸಿಕ್ಕಿತು. ಸಿಟ್ಟನ್ನು ಮಾತ್ರ ಮನೆಯವರು ವಾಪಸು ಕೊಡಲಿಲ್ಲ. ಒಂದು ಎದುರು ಮಾತಾಡಿದರೆ "ಮಾತ್ರೆ ತಗೊಂಡ್ಯಾ?" ಜೋರಾಗಿ ನಕ್ಕರೂ ಅದೇ.

ಹೋದ ವರ್ಷ ಅಜ್ಜಂಪುರದಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ಹುಡುಗಿಯ ರವಿಕೆ ಹೊಲಿದವಳು ನಾನು. ಕಡೂರಿನಿಂದ ಬಂದಿದ್ದ ಗಂಡಿನ ಕಡೆಯ ಹೆಂಗಸೊಬ್ಬರು ಅದನ್ನು ಮೆಚ್ಚಿ, ಯಾರು ಹೊಲಿದದ್ದೆಂದು ಕೇಳಿದರು.

"ಯಾರೋ ಶಿವಮೊಗ್ಗದವ್ರು" ಅಂದಳು ನಾದಿನಿ. ನನ್ನ ಹೆಸರು ಬಂದರೆ ಕಾಯಿಲೆಯ ಮಾತೂ ಬರುತ್ತದೆಂಬ ಹೆದರಿಕೆ ಅವಳಿಗೆ.

"ನಾನು ಕಣ್ರೀ ಹೊಲಿದಿದ್ದು" ಅಂದೆ. ದನಿ ಏರಿತ್ತು.

ಅತ್ತೆ ಕಿವಿಯ ಹತ್ತಿರ ಬಗ್ಗಿ, "ಮಾತ್ರೆ ತಗೊಂಡ್ಯೇನೇ?" ಅಂದರು.

"ತಗೊಂಡಿದೀನಿ ಅತ್ತೆ. ದಿನಾ ತಗೋತೀನಿ, ಎಲ್ರಿಗೂ ಗೊತ್ತಾಗ್ಲಿ. ಕಾಯಿಲೆಗೆ ಮಾತ್ರೆ ಇದೆ. ಈಗ ಬಂದಿರೋದು ಸಿಟ್ಟು. ಅದು ಕಾಯಿಲೇದಲ್ಲ, ನಂದು."

ಆ ಹೆಂಗಸು ಹುಡುಗಿಯ ರವಿಕೆಯನ್ನು ಇನ್ನೊಮ್ಮೆ ನೋಡಿ, "ಕುತ್ತಿಗೆ ಚೆನ್ನಾಗಿ ಕೂತಿದೆ" ಅಂದು ಊಟಕ್ಕೆ ಎದ್ದರು.

ಮದುವೆಯೇನೂ ನಿಲ್ಲಲಿಲ್ಲ. ನಾದಿನಿ ಮಾತು ಬಿಟ್ಟಳು. ಧಾರೆಯ ರವಿಕೆಯನ್ನು ಬೇರೆ ಕಡೆ ಹೊಲಿಸಿದಳು. ಮದುವೆಯ ದಿನ ನಾನು ಹೋಗಿ ಮೊದಲ ಪಂಕ್ತಿಯಲ್ಲೇ ಕೂತು ಉಂಡೆ.