ಗುಂಡಿನ ಸದ್ದಿನ ಪಕ್ಕದ ಮನೆ

ಕಳೆದ ಭಾನುವಾರ ಬೆಳಿಗ್ಗೆ ಶಾಂತಕ್ಕನ ಅಡುಗೆಮನೆಯ ಛಾವಣಿಯ ಒಂದು ತುಂಡು ಕಳಚಿ ಗ್ಯಾಸ್ ಒಲೆಯ ಮೇಲೆ ಬಿತ್ತು. ಹಾಲಿನವನು ಬೆಲ್ ಒತ್ತಿದ್ದರಿಂದ ಅವರು ಬಾಗಿಲಿಗೆ ಹೋಗಿದ್ದರು. ಇಲ್ಲದಿದ್ದರೆ ಈ ವಾರ ನಾನು ಬೇರೆಯೇ ಬರಹ ಬರೆಯಬೇಕಿತ್ತು.

ವಿಜಯಪುರ ಕಡೆಯ ಶಾಂತಕ್ಕ ನಮ್ಮ ಪಕ್ಕದ ಮನೆಯವರು. ನಮ್ಮ ಬಿಲ್ಡಿಂಗಿಗೂ ಸೇನೆಯ ತರಬೇತಿ ಮೈದಾನಕ್ಕೂ ನಡುವೆ ಇರುವುದು ಒಂದೇ ಗೋಡೆ. ಆಚೆ ಗುಂಡು ಹಾರಿಸುವ ಅಭ್ಯಾಸ, ಈಚೆ ನಮ್ಮ ಸಂಸಾರ. (ಸದ್ದು ಒಗ್ಗಿಹೋಗಿದೆ. ಅದಿಲ್ಲದ ದಿನ ಮಕ್ಕಳಿಗೆ ಎಚ್ಚರವೇ ಆಗುವುದಿಲ್ಲ.) ಕಟ್ಟಡ ಹಳೆಯದು, ಕೆಡವಿ ಕಟ್ಟಬೇಕು. ಆದರೆ ಎತ್ತರಕ್ಕೆ ಕಟ್ಟಲು ಸೇನೆ ಒಪ್ಪಬೇಕು. ಎತ್ತರವಿಲ್ಲದೆ, ಮಾರಲು ಹೆಚ್ಚಿನ ಮನೆಗಳಿಲ್ಲದಿದ್ದರೆ ಯಾವ ಬಿಲ್ಡರ್ ಬರುತ್ತಾನೆ? ಬಂದವರೆಲ್ಲ ಚಹಾ ಕುಡಿದು ಹೋದರು.

ಸೋಮವಾರ ನಾನೂ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ ಶೇಖರ ಶೆಟ್ಟರೂ ಸೇನೆಯ ಕಚೇರಿಗೆ ಹೋದೆವು. ಜಗಳಕ್ಕೇ ಸಿದ್ಧರಾಗಿ ಹೋಗಿದ್ದೆವು. ಅಧಿಕಾರಿ ಕೂರಿಸಿ ಮಾತಾಡಿಸಿದರು. ಮೈದಾನ ಆದಾಗ ಸುತ್ತ ಬರೀ ಕೆಸರಿತ್ತು, ಮನೆಗಳು ಆಮೇಲೆ ಬಂದವು ಎಂದು ಹಿಂದಿಯಲ್ಲಿ ವಿವರಿಸಿದರು. ಆಮೇಲೆ ಕೇಳಿದರು: “ನಾಳೆ ಕಟ್ಟುವ ನಿಮ್ಮ ಹದಿನೈದನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಮಗು ನಿಂತಿದೆ ಎನ್ನಿ. ನನ್ನ ಸೈನಿಕನೊಬ್ಬನ ಗುರಿ ತಪ್ಪುತ್ತದೆ. ಈಗ ಹೇಳಿ, ಸಹಿ ಹಾಕಲೇ?”

ನಮಸ್ಕರಿಸಿ ಎದ್ದು ಬಂದೆವು. ವಾಪಸು ಬರುವಾಗ ರಿಕ್ಷಾದಲ್ಲಿ ಶೆಟ್ಟರು ನಿಟ್ಟುಸಿರಿಟ್ಟರು. “ಅವರು ಹೇಳುದು ಸುಳ್ಳಲ್ಲ ಮಾರಾಯ್ರೆ. ಆದ್ರೆ ಇಲ್ಲಿ ಮನೆ ಕಟ್ಲಿಕ್ಕೆ ಆಗ ಪರ್ಮಿಷನ್ ಕೊಟ್ಟದ್ದು ಯಾರು?”

ಅದೇ ಅಲ್ಲವೇ ಪ್ರಶ್ನೆ? ಗೋಡೆಯ ಪಕ್ಕ ಗೋಡೌನ್ ಬರಬಹುದಿತ್ತು, ಮರ ನೆಡಬಹುದಿತ್ತು. ಮನೆಗಳನ್ನು ಅವುಗಳಾಚೆ ಕಟ್ಟಬಹುದಿತ್ತು. ಸೇನೆಯವರೂ ಊರಿನ ನಕ್ಷೆ ಬರೆಯುವವರೂ ಮೊದಲೇ ಒಂದು ಮೇಜಿನ ಸುತ್ತ ಕೂತಿದ್ದರೆ ಸಾಕಿತ್ತು. ಕೂರಲಿಲ್ಲ. ನಾವು ಬಂದು ಕೂತೆವು.

ಸಂಜೆ ಶಾಂತಕ್ಕನಿಗೆ ವಿಷಯ ಹೇಳಿದೆ. ಅವರು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಊರಂಚಿನ ದಹಿಸರ್‌ನಲ್ಲಿ ಬಾಡಿಗೆ ಮನೆ ಗೊತ್ತು ಮಾಡಿಯಾಗಿತ್ತು.

“ಅವರದೂ ಖರೆ ಐತಿ, ನಮ್ಮದೂ ಖರೆ ಐತಿ,” ಎಂದರು. “ಆದ್ರ ಒಲಿ ಮುಂದ ನಿಂತ್ರ ಕಣ್ಣು ಮ್ಯಾಲೇ ಹೊಕ್ಕಾವ್ರಿ. ಹಿಂಗ ಎಷ್ಟು ದಿನ ಅಡಗಿ ಮಾಡ್ಲಿ?”

ಮಾರೋಣವೆಂದರೆ ಇಂಥ ಮನೆ ಕೊಳ್ಳುವವರಿಲ್ಲ. ಗುರುವಾರ ಟೆಂಪೋ ಬಂತು. ಬೀಗ ಹಾಕಿ, ಕೀಲಿಯನ್ನು ನನ್ನ ಕೈಗಿಟ್ಟು, ಹಿಂತಿರುಗಿ ನೋಡದೆ ಹೋದರು.

ಅವರನ್ನು ಕಳಿಸಿ ಸ್ಟೇಷನ್ನಿನತ್ತ ನಡೆದೆ. ಮೈದಾನದ ಇನ್ನೊಂದು ಬದಿಯಲ್ಲಿ ಹೊಸ ಟವರಿನ ಹೋರ್ಡಿಂಗ್ ಎದ್ದಿದೆ: ‘ಎದುರಿಗೆ ಎಂದೂ ಕಟ್ಟಡ ಏಳದ ಹಸಿರು ನೋಟ’. ಒಪ್ಪಿಗೆ ಯಾರು ಕೊಟ್ಟರೋ ಗೊತ್ತಿಲ್ಲ, ಬುಕಿಂಗ್ ಶುರುವಾಗಿದೆಯಂತೆ.

ಆ ಹಸಿರಿನಲ್ಲಿ ದಿನವೂ ಏನು ನಡೆಯುತ್ತದೆಂದು ಕೊಳ್ಳುವವರಿಗೆ ಹೇಳುವವರು ಯಾರು?